ಎಡ್ವಿನ್ ಲಿಂಕ್

ಎಡ್ವಿನ್ ಆಲ್ಬರ್ಟ್ ಲಿಂಕ್ (ಜುಲೈ 26, 1904 – ಸೆಪ್ಟೆಂಬರ್ 7, 1981) ಅಮೆರಿಕದ ಸಂಶೋಧಕರು, ವಿಮಾನಚಾಲಕರು, ಉದ್ಯಮಿ ಹಾಗೂ ಸಮುದ್ರತಳದ ಅನ್ವೇಷಕರು. ನೆಲದ ಮೇಲೆ ಕುಳಿತೇ ವಿಮಾನ ನಡೆಸುವುದನ್ನು ಕಲಿಸುವ 'ಲಿಂಕ್ ಟ್ರೇನರ್' ಯಂತ್ರವನ್ನು 1920ರ ದಶಕದ ಕೊನೆಯಲ್ಲಿ ನಿರ್ಮಿಸಿದವರು ಇವರೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ಐದು ಲಕ್ಷಕ್ಕೂ ಹೆಚ್ಚು ವಾಯುಯೋಧರು ಈ ಯಂತ್ರದಲ್ಲಿ ತರಬೇತಿ ಪಡೆದರು. ಇಂದು ವಿಮಾನಯಾನ ಸಂಸ್ಥೆಗಳು ಬಳಸುವ ಬೃಹತ್ ಸಿಮ್ಯುಲೇಟರ್‌ಗಳಿಗೂ, ಹವ್ಯಾಸಿಗಳು ಮನೆಯ ಕಂಪ್ಯೂಟರಿನಲ್ಲಿ ಬಳಸುವ ಹಾರಾಟದ ತಂತ್ರಾಂಶಗಳಿಗೂ ಇದನ್ನೇ ಪೂರ್ವಜವೆಂದು ಪರಿಗಣಿಸಲಾಗುತ್ತದೆ. ಜೀವನದ ಉತ್ತರಾರ್ಧದಲ್ಲಿ ಲಿಂಕ್ ವಿಮಾನೋದ್ಯಮದಿಂದ ದೂರ ಸರಿದು, ಮನುಷ್ಯನು ಸಮುದ್ರದ ಆಳದಲ್ಲಿ ದೀರ್ಘಕಾಲ ಇದ್ದು ಕೆಲಸ ಮಾಡಲು ನೆರವಾಗುವ ಸಾಧನಗಳನ್ನು ರೂಪಿಸಿದರು.

ಬಾಲ್ಯ ಮತ್ತು ಆರ್ಗನ್ ಕಾರ್ಖಾನೆ

ಲಿಂಕ್ ಹುಟ್ಟಿದ್ದು ಇಂಡಿಯಾನಾ ರಾಜ್ಯದ ಹಂಟಿಂಗ್ಟನ್ ಪಟ್ಟಣದಲ್ಲಿ. ತಂದೆಯ ಹೆಸರೂ ಎಡ್ವಿನ್ ಲಿಂಕ್ ಎಂದೇ ಇತ್ತು. 1910ರಲ್ಲಿ ತಂದೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ದಿವಾಳಿಯಾಗಿದ್ದ ಒಂದು ಸ್ವಯಂಚಾಲಿತ ವಾದ್ಯಗಳ ಕಂಪನಿಯನ್ನು ಕೊಂಡರು. ಕುಟುಂಬವೂ ಅಲ್ಲಿಗೆ ನೆಲೆ ಬದಲಿಸಿತು. ಲಿಂಕ್ ಪಿಯಾನೋ ಮತ್ತು ಆರ್ಗನ್ ಕಂಪನಿ ಎಂಬ ಹೊಸ ಹೆಸರಿನಲ್ಲಿ ಈ ಸಂಸ್ಥೆ, ಕಾಸು ಹಾಕಿದರೆ ತಾನೇ ನುಡಿಯುವ ಪಿಯಾನೋಗಳನ್ನೂ ಮೂಕಿ ಚಿತ್ರಗಳ ಮಂದಿರಗಳಿಗೆ ಬೇಕಾದ ದೊಡ್ಡ ಆರ್ಗನ್‌ಗಳನ್ನೂ ತಯಾರಿಸುತ್ತಿತ್ತು.

ಬಾಲಕ ಲಿಂಕ್ ಹಲವು ಶಾಲೆಗಳನ್ನು ಬದಲಾಯಿಸಿದರು. ಕಾಲೇಜು ಪದವಿ ಅವರಿಗೆ ಇರಲಿಲ್ಲ. ಅವರ ನಿಜವಾದ ವಿದ್ಯಾಭ್ಯಾಸ ನಡೆದದ್ದು ತಂದೆಯ ಕಾರ್ಖಾನೆಯಲ್ಲಿ, ಆರ್ಗನ್‌ಗಳನ್ನು ಕಟ್ಟುವ ಮತ್ತು ದುರಸ್ತಿ ಮಾಡುವ ಕೆಲಸದಲ್ಲಿ. ಮುಂದಿನ ಕಥೆ ಅರ್ಥವಾಗಬೇಕಾದರೆ ಈ ವಾದ್ಯಗಳ ಒಳರಚನೆಯ ಸ್ಥೂಲ ಪರಿಚಯ ಅಗತ್ಯ. ತಾನೇ ನುಡಿಯುವ ಪಿಯಾನೋದಲ್ಲಿ ರಂಧ್ರಗಳಿರುವ ಕಾಗದದ ಸುರುಳಿಯೊಂದು ಸಾಲು ತೂತುಗಳುಳ್ಳ ಲೋಹದ ಪಟ್ಟಿಯ ಮೇಲೆ ಹಾದುಹೋಗುತ್ತದೆ. ಕಾಗದದ ರಂಧ್ರ ಪಟ್ಟಿಯ ತೂತಿನ ಮೇಲೆ ಬಂದ ಕ್ಷಣದಲ್ಲಿ ಗಾಳಿ ಒಳನುಗ್ಗಿ ಸಣ್ಣ ಕವಾಟವೊಂದು ತೆರೆಯುತ್ತದೆ. ಆಗ ಪಂಪು ಗಾಳಿಯನ್ನು ಹೀರಿಕೊಂಡು ಒಂದು ಪುಟ್ಟ ತಿದಿ ಕುಗ್ಗುತ್ತದೆ, ಅದಕ್ಕೆ ಜೋಡಿಸಿದ ಮಣೆ ಒತ್ತಲ್ಪಡುತ್ತದೆ. ಹಾರ್ಮೋನಿಯಂನ ತಿದಿಯನ್ನು ಬಲ್ಲವರಿಗೆ ಇದರ ತತ್ತ್ವ ಹೊಸದೇನಲ್ಲ. ಆದರೆ ಗಾಳಿಯ ಒತ್ತಡದ ಅತಿಸಣ್ಣ ವ್ಯತ್ಯಾಸವನ್ನು ನಿಖರವಾದ ಚಲನೆಯಾಗಿ ಮಾರ್ಪಡಿಸುವುದು ಸೂಕ್ಷ್ಮವಾದ ಕುಶಲತೆ. ಅದು ಲಿಂಕ್ ಅವರಿಗೆ ಚಿಕ್ಕಂದಿನಲ್ಲೇ ಕೈವಶವಾಗಿತ್ತು.

ಹಾರಾಟದ ಕಲಿಕೆ

1920ರಲ್ಲಿ, ಹದಿನಾರರ ವಯಸ್ಸಿನ ಆಸುಪಾಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿದ್ದ ಲಿಂಕ್ ತಮ್ಮ ಮೊದಲ ಹಾರಾಟದ ಪಾಠಕ್ಕೆ ಐವತ್ತು ಡಾಲರ್ ತೆತ್ತರು. ಆ ವಿಮಾನಸೇವೆ ನಟ ಚಾರ್ಲಿ ಚಾಪ್ಲಿನ್ ಅವರ ಅಣ್ಣ ಸಿಡ್ನಿ ಚಾಪ್ಲಿನ್ ಅವರದಾಗಿತ್ತು. ವಿಮಾನ ಆಕಾಶದಲ್ಲಿ ಲಾಗ ಹೊಡೆಯಿತು, ಗಿರಕಿ ತಿರುಗಿತು, ನೆಲಕ್ಕಿಳಿಯಿತು. ಕಲಿಯಬಂದ ಹುಡುಗನಿಗೆ ಚಾಲನದಂಡವನ್ನು ಮುಟ್ಟುವ ಅವಕಾಶವೂ ಸಿಗಲಿಲ್ಲ. ಆ ಕಾಲದಲ್ಲಿ ಇದು ಅಪರೂಪದ ಅನುಭವವಾಗಿರಲಿಲ್ಲ. ಪಾಠದ ಶುಲ್ಕ ದುಬಾರಿಯಾಗಿತ್ತು, ವಿಮಾನ ಅದಕ್ಕಿಂತ ದುಬಾರಿಯಾಗಿತ್ತು. ಕಲಿಯುವವನ ತಪ್ಪಿಗೆ ಇಬ್ಬರ ಪ್ರಾಣವೂ ಹೋಗಬಹುದಿತ್ತು. ಹೀಗಾಗಿ ಶಿಕ್ಷಕರು ಹಿಡಿತವನ್ನು ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ.

ನಂತರದ ವರ್ಷಗಳಲ್ಲಿ ಲಿಂಕ್ ಬಿಂಗ್‌ಹ್ಯಾಮ್ಟನ್ ಸುತ್ತಮುತ್ತ ಬಿಡುವು ಸಿಕ್ಕಾಗಲೆಲ್ಲ ಹಾರಾಟ ಕಲಿತರು. ದಶಕದ ಕೊನೆಯ ಹೊತ್ತಿಗೆ, ಸೆಸ್ನಾ ಕಂಪನಿ ಗ್ರಾಹಕರಿಗೆ ಒಪ್ಪಿಸಿದ ಮೊಟ್ಟಮೊದಲ ವಿಮಾನ ಅವರ ಕೈಸೇರಿತ್ತು. ಊರೂರಿನ ಮೈದಾನಗಳಲ್ಲಿ ಜನರನ್ನು ಕೂರಿಸಿಕೊಂಡು ಒಂದು ಸುತ್ತು ಹಾರಿಸುವುದು, ಬಾಡಿಗೆ ಹಾರಾಟ, ಪಾಠ ಹೇಳುವುದು ಇವೆಲ್ಲ ಅವರ ಸಂಪಾದನೆಯ ದಾರಿಗಳಾದವು.

ನೆಲಮಾಳಿಗೆಯ ಯಂತ್ರ

ವಿಮಾನವಿಲ್ಲದೆ ವಿಮಾನಚಾಲನೆ ಕಲಿಸುವ ಪ್ರಯತ್ನಗಳು ಲಿಂಕ್ ಅವರಿಗಿಂತ ಮೊದಲೂ ನಡೆದಿದ್ದವು. 1910ರ ಸುಮಾರಿಗೆ ಫ್ರಾನ್ಸಿನ ಆಂಟ್ವನೆಟ್ ಕಂಪನಿಯ ಶಾಲೆಯಲ್ಲಿ ಅರ್ಧ ಪೀಪಾಯಿಯ ಮೇಲೆ ಆಸನವಿಟ್ಟು, ಸಹಾಯಕರು ಅದನ್ನು ಕೈಯಿಂದ ಓಲಾಡಿಸಿದಾಗ ವಿದ್ಯಾರ್ಥಿ ಸಮತೋಲ ತಂದುಕೊಳ್ಳುವ ಏರ್ಪಾಡಿತ್ತು. ಮೊದಲ ಮಹಾಯುದ್ಧದಲ್ಲಿ ಅದೇ ದೇಶದವರು ರೆಕ್ಕೆ ಕತ್ತರಿಸಿದ, ನೆಲದ ಮೇಲಷ್ಟೇ ಓಡುವ ವಿಮಾನಗಳನ್ನು ಬಳಸಿ, ಅವನ್ನು ಪೆಂಗ್ವಿನ್ ಎಂದು ಕರೆದರು. ಈ ಸಾಧನಗಳಿಗೆ ಒಂದು ಮುಖ್ಯ ಕೊರತೆಯಿತ್ತು: ಚಾಲಕ ದಂಡವನ್ನು ಎಷ್ಟು ಸರಿಸಿದರೆ ವಿಮಾನ ಎಷ್ಟು ಪ್ರತಿಕ್ರಿಯಿಸುತ್ತದೆ ಎಂಬ ಸಂಬಂಧವನ್ನು ಅವು ಸಮರ್ಪಕವಾಗಿ ತೋರಿಸುತ್ತಿರಲಿಲ್ಲ.

ಲಿಂಕ್ 1927ರಿಂದ 1929ರ ನಡುವೆ ಸುಮಾರು ಹದಿನೆಂಟು ತಿಂಗಳು, ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಆರ್ಗನ್‌ನ ಭಾಗಗಳನ್ನೇ ಬಳಸಿ ತಮ್ಮ ಯಂತ್ರವನ್ನು ಕಟ್ಟಿದರು. ಮೊಟುಕಾದ ಮರದ ವಿಮಾನದೇಹವೊಂದನ್ನು ನಡುವಿನ ಒಂದು ಕೀಲಿನ ಮೇಲೆ ಕೂರಿಸಿ, ಕೆಳಗೆ ನಾಲ್ಕು ತಿದಿಗಳನ್ನು ಇರಿಸಲಾಗಿತ್ತು. ವಿದ್ಯುತ್ ಪಂಪು ಗಾಳಿಯನ್ನು ಹೀರುತ್ತಿತ್ತು. ಚಾಲಕ ದಂಡವನ್ನು ಎಡಕ್ಕೆ ವಾಲಿಸಿದರೆ ಎಡಬದಿಯ ತಿದಿ ಕುಗ್ಗಿ ಬಲಬದಿಯದು ಹಿಗ್ಗುತ್ತಿತ್ತು. ಯಂತ್ರ ಎಡಕ್ಕೆ ವಾಲುತ್ತಿತ್ತು. ಮುಂದಕ್ಕೆ ದೂಡಿದರೆ ಮೂತಿ ಬಾಗುತ್ತಿತ್ತು. ಕಾಲಿನ ಪೆಡಲ್‌ಗಳನ್ನು ಒತ್ತಿದರೆ ಗಾಳಿಯಿಂದಲೇ ಓಡುವ ಮತ್ತೊಂದು ಮೋಟಾರು ಇಡೀ ದೇಹವನ್ನು ತಳಹದಿಯ ಮೇಲೆ ಸುತ್ತಿಸುತ್ತಿತ್ತು. ಕೈಯ ಚಲನೆಗೂ ಯಂತ್ರದ ಚಲನೆಗೂ ನಡುವೆ ನಿಜವಾದ ವಿಮಾನದಲ್ಲಿರುವಂಥ ಹದವನ್ನು ತರಲು ಲಿಂಕ್ ಗಂಟೆಗಟ್ಟಲೆ ತಾವೇ ಕುಳಿತು ಕವಾಟಗಳನ್ನು ತಿದ್ದುತ್ತಿದ್ದರು. ಆಗ ಗಣಿತದ ಮಾದರಿಯಾಗಲಿ ಕಂಪ್ಯೂಟರಾಗಲಿ ಇರಲಿಲ್ಲ. ಅಳತೆಗೋಲಾಗಿ ಇದ್ದದ್ದು ಚಾಲಕನ ಮೈಯರಿವು ಮಾತ್ರ.

1929ರಲ್ಲಿ ಸಲ್ಲಿಸಿ 1931ರಲ್ಲಿ ದೊರೆತ ಪೇಟೆಂಟಿನ ಶೀರ್ಷಿಕೆಯೇ ಕುತೂಹಲಕರವಾಗಿದೆ. ಅದರಲ್ಲಿ ಈ ಯಂತ್ರವನ್ನು ವಿಮಾನವಿದ್ಯಾರ್ಥಿಗಳ ತರಬೇತಿಯ ಸಾಧನವೆಂದೂ ಮನರಂಜನೆಯ ಉಪಕರಣವೆಂದೂ ಒಟ್ಟಿಗೆ ಹೆಸರಿಸಲಾಗಿದೆ. ಹಾರಾಟದ ಸಿಮ್ಯುಲೇಟರ್ ಆಟಿಕೆಯೋ ಪಾಠದ ಸಾಧನವೋ ಎಂಬ ಪ್ರಶ್ನೆ ಹೀಗೆ ಅದರ ಹುಟ್ಟಿನಿಂದಲೇ ಜೊತೆಗಿದೆ.

ಜಾತ್ರೆಯ ಆಟಿಕೆ

ಮಾರಾಟದಲ್ಲಿ ಮನರಂಜನೆಯೇ ಮೊದಲು ಗೆದ್ದಿತು. ವಿಮಾನಶಾಲೆಗಳು ಯಂತ್ರದತ್ತ ತಿರುಗಿಯೂ ನೋಡಲಿಲ್ಲ. ಹೆಚ್ಚಿನ ಗಿರಾಕಿಗಳು ಮನರಂಜನಾ ಉದ್ಯಾನಗಳ ಮಾಲೀಕರಾಗಿದ್ದರು. ಅಲ್ಲಿ ಕಾಸು ಕೊಟ್ಟವರು ಇದರಲ್ಲಿ ಕುಳಿತು ಓಲಾಡಿ ಸಂತೋಷಪಡುತ್ತಿದ್ದರು. ಅದೇ ಹೊತ್ತಿಗೆ ವಾಕ್ಚಿತ್ರಗಳು ಬಂದು ಚಿತ್ರಮಂದಿರದ ಆರ್ಗನ್‌ಗಳಿಗೆ ಬೇಡಿಕೆಯೇ ಇಲ್ಲದಂತಾಯಿತು, ಜೊತೆಗೆ 1929ರ ಆರ್ಥಿಕ ಕುಸಿತವೂ ಸೇರಿತು. ತಂದೆಯ ಕಾರ್ಖಾನೆ ಉಳಿಯಲಿಲ್ಲ.

ಲಿಂಕ್ 1930ರಲ್ಲಿ ಸ್ವಂತ ವಿಮಾನಶಾಲೆ ತೆರೆದರು. ಯಂತ್ರದಲ್ಲಿ ಅಭ್ಯಾಸ ಮಾಡಿಸಿ, ಅನಂತರ ವಿಮಾನದಲ್ಲಿ ಕೂರಿಸಿ, ಒಟ್ಟು 85 ಡಾಲರಿಗೆ ಹಾರಾಟ ಕಲಿಸಿಕೊಡುವುದು ಅವರ ಯೋಜನೆ. ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಸಹೋದರ ಜಾರ್ಜ್, ಯಂತ್ರದಲ್ಲಿ ಕೆಲವೇ ಗಂಟೆ ಕಲಿತು, ಮುಕ್ಕಾಲು ಗಂಟೆಗೂ ಕಡಿಮೆ ಅವಧಿಯ ವಿಮಾನಪಾಠದ ನಂತರ ಒಬ್ಬರೇ ಹಾರಿದರು. ಫಲಿತಾಂಶ ಚೆನ್ನಾಗಿದ್ದರೂ ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಲಿಲ್ಲ.

ಜೀವನೋಪಾಯಕ್ಕಾಗಿ ಅವರು ಹೂಡಿದ ಇನ್ನೊಂದು ಉಪಾಯದಲ್ಲೂ ಪಿಯಾನೋದ ಕೈವಾಡವಿತ್ತು. ವಿಮಾನದ ಅಡಿಭಾಗಕ್ಕೆ ವಿದ್ಯುತ್ ದೀಪಗಳನ್ನು ಜೋಡಿಸಿ, ರಂಧ್ರಗಳ ಕಾಗದದ ಸುರುಳಿಯಿಂದ ಅವುಗಳನ್ನು ನಿಯಂತ್ರಿಸಿ, ರಾತ್ರಿಯ ಆಕಾಶದಲ್ಲಿ ಅಕ್ಷರಗಳು ಮೂಡುವಂತೆ ಮಾಡಿ ವ್ಯಾಪಾರಿಗಳ ಜಾಹೀರಾತುಗಳನ್ನು ಊರುಗಳ ಮೇಲೆ ಹಾರಿಸಿದರು. ಜನರು ತಲೆಯೆತ್ತಿ ನೋಡಲೆಂದು ವಿಮಾನದಲ್ಲಿ ಗಾಳಿಯಿಂದ ನುಡಿಯುವ ಕೊಳವೆಗಳನ್ನೂ ಕಟ್ಟಿದ್ದರು. 1931ರಲ್ಲಿ ಅವರು ಪತ್ರಕರ್ತೆ ಮೇರಿಯನ್ ಕ್ಲೇಟನ್ ಅವರನ್ನು ವಿವಾಹವಾದರು. ಮೇರಿಯನ್ ವ್ಯವಹಾರದಲ್ಲೂ, ಮುಂದೆ ಸಮುದ್ರಯಾನಗಳಲ್ಲೂ ಪೂರ್ಣ ಪಾಲುದಾರರಾದರು. ಆ ಯಾನಗಳ ಬಗ್ಗೆ ಪುಸ್ತಕವನ್ನೂ ಬರೆದರು. ದಂಪತಿಗೆ ವಿಲಿಯಂ ಮತ್ತು ಕ್ಲೇಟನ್ ಎಂಬ ಇಬ್ಬರು ಮಕ್ಕಳು.

1934ರ ಅಂಚೆ ಬಿಕ್ಕಟ್ಟು

ರಾತ್ರಿಯಲ್ಲೂ ಮೋಡದಲ್ಲೂ ಹಾರುವಾಗ ಹೊರಗಿನ ದಿಗಂತ ಕಾಣದಾಗುತ್ತದೆ. ಆಗ ಮನುಷ್ಯನ ಒಳಕಿವಿ ಅವನಿಗೆ ಮೋಸ ಮಾಡುತ್ತದೆ. ನಿಧಾನವಾಗಿ ತಿರುಗುತ್ತಿರುವ ವಿಮಾನ ನೇರವಾಗಿ ಹೋಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಅದನ್ನು ಸರಿಪಡಿಸಹೊರಟ ಚಾಲಕ ಸುರುಳಿಯಾಕಾರದಲ್ಲಿ ನೆಲಕ್ಕೆ ಅಪ್ಪಳಿಸಬಹುದು. ಇದಕ್ಕೆ ಪರಿಹಾರ, ಮೈ ಹೇಳುವುದನ್ನು ಬದಿಗಿಟ್ಟು ಉಪಕರಣಗಳು ಹೇಳುವುದನ್ನು ನಂಬುವುದು. 1929ರ ಸೆಪ್ಟೆಂಬರ್‌ನಲ್ಲಿ ಜಿಮ್ಮಿ ಡೂಲಿಟಲ್ ಅವರು ಮುಚ್ಚಿದ ಆಸನದಲ್ಲಿ ಕುಳಿತು, ಉಪಕರಣಗಳನ್ನಷ್ಟೇ ನೋಡಿಕೊಂಡು ಏರಿ ಇಳಿದು ಇದು ಸಾಧ್ಯವೆಂದು ತೋರಿಸಿದ್ದರು. ಆದರೆ ಸಾಮಾನ್ಯ ಸೇನಾ ಚಾಲಕನಿಗೆ ಈ ಅಭ್ಯಾಸ ಬಹಳ ಕಡಿಮೆಯಿತ್ತು. ಲಿಂಕ್ ಅಷ್ಟರಲ್ಲಿ ತಮ್ಮ ಯಂತ್ರಕ್ಕೆ ಉಪಕರಣ ಫಲಕವನ್ನು ಅಳವಡಿಸಿ, ಮೇಲೊಂದು ಮುಚ್ಚಳ ಹಾಕಿ, ಕುರುಡು ಹಾರಾಟದ ಪಾಠಕ್ಕೆ ಅದನ್ನು ಸಜ್ಜುಗೊಳಿಸಿದ್ದರು.

1934ರ ಫೆಬ್ರವರಿಯಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ಗುತ್ತಿಗೆ ಹಂಚಿಕೆಯ ಹಗರಣದ ಹಿನ್ನೆಲೆಯಲ್ಲಿ, ಖಾಸಗಿ ವಿಮಾನ ಕಂಪನಿಗಳ ಅಂಚೆ ಗುತ್ತಿಗೆಗಳನ್ನು ರದ್ದುಪಡಿಸಿ ಆ ಕೆಲಸವನ್ನು ಸೇನೆಯ ವಾಯುದಳಕ್ಕೆ ವಹಿಸಿದರು. ಫೆಬ್ರವರಿ 19ರಿಂದ ಸೇನೆ ಅಂಚೆ ಸಾಗಿಸತೊಡಗಿತು. ಅದು ಕಠಿಣ ಚಳಿಗಾಲ. ತೆರೆದ ಆಸನದ ವಿಮಾನಗಳು, ಹಿಮಬಿರುಗಾಳಿ, ರಾತ್ರಿಯ ಮಾರ್ಗಗಳು, ಉಪಕರಣ ಹಾರಾಟದ ಅನುಭವವಿಲ್ಲದ ಎಳೆಯ ಚಾಲಕರು. ಮೊದಲ ಕೆಲವು ವಾರಗಳಲ್ಲೇ ಸಾವುಗಳು ಸಾಲಾಗಿ ವರದಿಯಾದವು. ಬೇಸಿಗೆಯ ಆರಂಭದಲ್ಲಿ ಸೇನೆ ಈ ಹೊಣೆಯಿಂದ ಬಿಡುಗಡೆ ಹೊಂದುವ ವೇಳೆಗೆ ಸುಮಾರು ಹನ್ನೆರಡು ಮಂದಿ ಪ್ರಾಣ ಕಳೆದುಕೊಂಡಿದ್ದರು.

ಲಿಂಕ್ ಅವರ ಯಂತ್ರವನ್ನು ವಾಯುದಳ ಗಂಭೀರವಾಗಿ ಪರಿಗಣಿಸಿದ್ದು ಈ ಸಂದರ್ಭದಲ್ಲಿ. ಪ್ರಸಿದ್ಧ ಚಾಲಕ ಕೇಸಿ ಜೋನ್ಸ್ ಮಾರಾಟದ ಮಧ್ಯಸ್ಥಿಕೆ ವಹಿಸಿದ್ದರು. ಸೇನೆಯ ಅಧಿಕಾರಿಗಳು ಲಿಂಕ್ ಅವರನ್ನು ನ್ಯೂಜೆರ್ಸಿಯ ನ್ಯೂವಾರ್ಕ್ ವಿಮಾನನಿಲ್ದಾಣದಲ್ಲಿ ಕಾಯುತ್ತಿದ್ದ ದಿನ ದಟ್ಟ ಮಂಜು ಕವಿದಿತ್ತು. ಇಂಥ ಹವೆಯಲ್ಲಿ ಯಾರೂ ಬರಲಾರರೆಂದು ಅವರು ಹೊರಡುವ ಸಿದ್ಧತೆಯಲ್ಲಿದ್ದಾಗ ಲಿಂಕ್ ಉಪಕರಣಗಳ ಸಹಾಯದಿಂದಲೇ ಬಂದಿಳಿದರು. ಯಂತ್ರದ ಬಗ್ಗೆ ಬೇರೆ ವಾದ ಬೇಕಾಗಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ವಾಯುದಳ ತಲಾ 3,500 ಡಾಲರಿನಂತೆ ಆರು ಯಂತ್ರಗಳನ್ನು ಖರೀದಿಸಿತು.

ಎರಡನೆಯ ಮಹಾಯುದ್ಧ

ಆರು ಯಂತ್ರಗಳ ಆ ಖರೀದಿಯ ಬೆನ್ನಿಗೇ ಹೊರದೇಶಗಳಿಂದಲೂ ಬೇಡಿಕೆ ಬಂದಿತು. 1935ರಲ್ಲಿ ಜಪಾನಿನ ನೌಕಾಪಡೆ ಹತ್ತು ಯಂತ್ರಗಳನ್ನು ಕೊಂಡಿತು. ಹೀಗೆ ಮುಂದೆ ಪರಸ್ಪರ ಹೋರಾಡಲಿದ್ದ ಎರಡೂ ಪಕ್ಷಗಳ ಚಾಲಕರು ಒಂದೇ ಕಾರ್ಖಾನೆಯ ತಿದಿಗಳ ಮೇಲೆ ಓಲಾಡಿದರು. ಸಹೋದರ ಜಾರ್ಜ್ ಜೊತೆಗೂಡಿ ಲಿಂಕ್ ಏವಿಯೇಷನ್ ಡಿವೈಸಸ್ ಎಂಬ ಸಂಸ್ಥೆಯನ್ನು ಬಿಂಗ್‌ಹ್ಯಾಮ್ಟನ್‌ನಲ್ಲಿ ಬೆಳೆಸಲಾಯಿತು. ಬ್ರಿಟನ್ನಿನ ಅಗತ್ಯಗಳಿಗಾಗಿ ಕೆನಡಾದ ಗನನಾಕ್ವೆ ಪಟ್ಟಣದಲ್ಲಿ ಇನ್ನೊಂದು ಕಾರ್ಖಾನೆ ಆರಂಭವಾಯಿತು.

ಯುದ್ಧಕಾಲದ ಪ್ರಮುಖ ಮಾದರಿಯ ಹೆಸರು ಎಎನ್‌ಟಿ-18. ನೀಲಿ ಬಣ್ಣದ ದೇಹ, ಹಳದಿ ಬಣ್ಣದ ಪುಟ್ಟ ರೆಕ್ಕೆ ಮತ್ತು ಬಾಲ. ಸೈನಿಕರ ಬಾಯಲ್ಲಿ ಇದು ನೀಲಿ ಪೆಟ್ಟಿಗೆಯೆಂದೇ ಹೆಸರಾಯಿತು. ಮುಚ್ಚಳ ಹಾಕಿದ ಮೇಲೆ ವಿದ್ಯಾರ್ಥಿಗೆ ಕಾಣುತ್ತಿದ್ದದ್ದು ಮಂದಬೆಳಕಿನ ಉಪಕರಣ ಫಲಕ ಮಾತ್ರ: ವೇಗಮಾಪಕ, ಎತ್ತರಮಾಪಕ, ದಿಕ್ಸೂಚಿ, ಕೃತಕ ದಿಗಂತ, ತಿರುವಿನ ಸೂಚಕ. ಪಕ್ಕದ ಮೇಜಿನ ಬಳಿ ಕುಳಿತ ಶಿಕ್ಷಕನ ಮುಂದೆಯೂ ಅವೇ ಉಪಕರಣಗಳ ಪ್ರತಿಗಳಿದ್ದವು. ಮೇಜಿನ ಮೇಲೆ ಹಾಸಿದ ನಕ್ಷೆಯ ಮೇಲೆ ಮೂರು ಚಕ್ರಗಳ ಸಣ್ಣ ಗಾಡಿಯೊಂದು ವಿದ್ಯಾರ್ಥಿ ಹಾರುತ್ತಿದ್ದ ದಿಕ್ಕಿಗೆ ಅನುಗುಣವಾಗಿ ಮೆಲ್ಲಗೆ ಸರಿಯುತ್ತ ಶಾಯಿಯ ಗೆರೆ ಎಳೆಯುತ್ತಿತ್ತು. ಅದರ ನಡಿಗೆ ನೋಡಿ ಅದಕ್ಕೆ ಏಡಿ ಎಂಬ ಹೆಸರು ಬಂತು. ಶಿಕ್ಷಕ ಕಿವಿಗವಸಿನ ಮೂಲಕ ರೇಡಿಯೋ ಸಂಕೇತಗಳನ್ನು ಕಳುಹಿಸುತ್ತಿದ್ದ, ಗಾಳಿಯ ರಭಸವನ್ನು ಬದಲಿಸುತ್ತಿದ್ದ, ಬೇಕೆಂದೇ ತೊಂದರೆಗಳನ್ನು ಒಡ್ಡುತ್ತಿದ್ದ. ಪಾಠ ಮುಗಿದು ಮುಚ್ಚಳ ತೆರೆದಾಗ ನಕ್ಷೆಯ ಮೇಲಿನ ಗೆರೆಯೇ ತೀರ್ಪು. ವಿಮಾನನಿಲ್ದಾಣಕ್ಕೆ ಬಂದಿಳಿದೆನೆಂದು ತಿಳಿದಿದ್ದ ವಿದ್ಯಾರ್ಥಿಯ ಗೆರೆ ಬೆಟ್ಟದ ಮೇಲೆ ಕೊನೆಗೊಂಡಿದ್ದರೆ, ಆ ಪಾಠ ಅವನಿಗೆ ಬೆಟ್ಟದ ಬದಲು ಕಾಗದದ ಮೇಲೆ ಸಿಕ್ಕಿತ್ತು.

ಈ ಯಂತ್ರ ನಿಜವಾದ ವಿಮಾನದಂತೆಯೇ ಹಾರುತ್ತಿತ್ತು ಎಂದು ಹೇಳಿದರೆ ಅತಿಶಯೋಕ್ತಿಯಾದೀತು. ತಿರುವಿನಲ್ಲಿ ಮೈಯನ್ನು ಆಸನಕ್ಕೆ ಅದುಮುವ ಬಲ ಇದರಲ್ಲಿ ಇರಲಿಲ್ಲ; ಚಲನೆಗಳು ತುಸು ಜರ್ಕಿನಿಂದ ಕೂಡಿದ್ದವು; ಇದನ್ನು ಸಮತೋಲದಲ್ಲಿ ಇಡುವುದು ವಿಮಾನಕ್ಕಿಂತ ಕಷ್ಟವೆಂದು ದೂರಿದ ಚಾಲಕರೂ ಇದ್ದರು. ಇದು ಕಲಿಸಿದ್ದು ಕ್ರಮವನ್ನು, ಅಂದರೆ ಉಪಕರಣಗಳ ಮೇಲೆ ಕಣ್ಣು ಸರದಿಯಾಗಿ ಓಡಿಸುವ ಅಭ್ಯಾಸವನ್ನು ಮತ್ತು ಅವುಗಳನ್ನು ನಂಬುವ ಧೈರ್ಯವನ್ನು. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಯಂತ್ರಗಳು ತಯಾರಾಗಿದ್ದವು. ತಯಾರಿಕೆ ಉತ್ತುಂಗದಲ್ಲಿದ್ದಾಗ ಸುಮಾರು 45 ನಿಮಿಷಕ್ಕೊಂದು ಯಂತ್ರ ಕಾರ್ಖಾನೆಯಿಂದ ಹೊರಬರುತ್ತಿತ್ತು.

ಇದೇ ಅವಧಿಯಲ್ಲಿ ಲಿಂಕ್, ನೌಕಾಯಾನ ತಜ್ಞ ಪಿ. ವಿ. ಎಚ್. ವೀಮ್ಸ್ ಅವರೊಡನೆ ಸೇರಿ ನಕ್ಷತ್ರಗಳ ನೆರವಿನಿಂದ ದಾರಿ ಕಂಡುಕೊಳ್ಳುವುದನ್ನು ಕಲಿಸುವ ಯಂತ್ರವನ್ನೂ ನಿರ್ಮಿಸಿದರು. ಧಾನ್ಯದ ಕಣಜದಂತಿದ್ದ ಎತ್ತರದ ಕಟ್ಟಡದೊಳಗೆ, ಮೇಲ್ಭಾಗದಲ್ಲಿ ಚಲಿಸುವ ನಕ್ಷತ್ರಗಳ ಗುಮ್ಮಟ. ಕೆಳಗೆ ಬಾಂಬರ್ ವಿಮಾನದ ಇಡೀ ತಂಡ ಕುಳಿತುಕೊಳ್ಳುವ ಕೋಣೆ. ರಾತ್ರಿಯ ಹೊತ್ತು ಅಟ್ಲಾಂಟಿಕ್ ದಾಟಬೇಕಾಗಿದ್ದ ತಂಡಗಳಿಗೆ ಇದು ಬಹಳ ಉಪಯುಕ್ತವಾಯಿತು.

ಯುದ್ಧಾನಂತರ

ಜೆಟ್ ಯುಗದೊಂದಿಗೆ ತಿದಿಗಳ ಕಾಲ ಮುಗಿದು ಎಲೆಕ್ಟ್ರಾನಿಕ್ ಗಣಕಗಳ ಕಾಲ ಬಂದಿತು. 1948ರಲ್ಲಿ ಪ್ರತಿಸ್ಪರ್ಧಿ ಕರ್ಟಿಸ್-ರೈಟ್ ಕಂಪನಿ ಬೋಯಿಂಗ್ ಸ್ಟ್ರಾಟೊಕ್ರೂಸರ್ ವಿಮಾನದ ಸಂಪೂರ್ಣ ಸಿಮ್ಯುಲೇಟರ್ ಅನ್ನು ಪ್ಯಾನ್ ಆಮ್ ಸಂಸ್ಥೆಗೆ ಒದಗಿಸಿತು. ಅದು ಅಲುಗಾಡುತ್ತಿರಲಿಲ್ಲ, ಆದರೆ ಉಪಕರಣಗಳೆಲ್ಲ ಲೆಕ್ಕಾಚಾರದಿಂದ ಓಡುತ್ತಿದ್ದವು. ಲಿಂಕ್ ಕಂಪನಿಯೂ ಅದೇ ಹಾದಿ ಹಿಡಿದು ಜೆಟ್ ವಿಮಾನಗಳ ಸಿಮ್ಯುಲೇಟರ್‌ಗಳನ್ನು ತಯಾರಿಸಿತು. 1954ರಲ್ಲಿ ಕಂಪನಿ ಜನರಲ್ ಪ್ರಿಸಿಷನ್ ಎಂಬ ಸಂಸ್ಥೆಯೊಡನೆ ವಿಲೀನಗೊಂಡಿತು, 1968ರಲ್ಲಿ ಆ ಸಂಸ್ಥೆ ಹೊಲಿಗೆ ಯಂತ್ರಗಳಿಗೆ ಹೆಸರಾದ ಸಿಂಗರ್ ಕಂಪನಿಯ ಪಾಲಾಯಿತು. ಅಪೊಲೊ ಚಂದ್ರಯಾತ್ರಿಗಳು ತರಬೇತಿ ಪಡೆದ ಸಿಮ್ಯುಲೇಟರ್‌ಗಳನ್ನು ನಿರ್ಮಿಸಿದ್ದೂ ಲಿಂಕ್ ಹೆಸರಿನ ಇದೇ ವಿಭಾಗ. ಅಷ್ಟರಲ್ಲಿ ಸಂಸ್ಥಾಪಕರ ಮನಸ್ಸು ಬೇರೆಡೆಗೆ ಹರಿದಿತ್ತು. 1953ರಲ್ಲಿ ದಂಪತಿ ಸ್ಥಾಪಿಸಿದ ಲಿಂಕ್ ಪ್ರತಿಷ್ಠಾನ ಸಿಮ್ಯುಲೇಷನ್, ಸಮುದ್ರ ತಂತ್ರಜ್ಞಾನ ಮೊದಲಾದ ಕ್ಷೇತ್ರಗಳ ಸಂಶೋಧನೆಗೆ ನೆರವು ನೀಡುತ್ತ ಬಂದಿದೆ.

ಸಮುದ್ರದತ್ತ

1950ರ ದಶಕದಲ್ಲಿ ಲಿಂಕ್ ದಂಪತಿ 'ಸೀ ಡೈವರ್' ಎಂಬ ಹಡಗಿನಲ್ಲಿ ಮುಳುಗಿದ ನೌಕೆಗಳನ್ನು ಹುಡುಕುತ್ತ ಕೆರಿಬಿಯನ್ ಸಮುದ್ರದಲ್ಲಿ ಸುತ್ತಿದರು. 1959ರಲ್ಲಿ ಜಮೈಕಾದ ಪೋರ್ಟ್ ರಾಯಲ್‌ನಲ್ಲಿ, 1692ರ ಜೂನ್ 7ರ ಭೂಕಂಪದಲ್ಲಿ ಸಮುದ್ರ ನುಂಗಿದ ಪಟ್ಟಣದ ಅವಶೇಷಗಳಿಂದ ಅವರ ತಂಡ ಹಿತ್ತಾಳೆಯ ಗಡಿಯಾರವೊಂದನ್ನು ಮೇಲೆತ್ತಿತು. ಮುಳ್ಳುಗಳು ಕೊಳೆತುಹೋಗಿದ್ದರೂ ಎಕ್ಸ್-ರೇ ಚಿತ್ರದಲ್ಲಿ ಅವುಗಳ ಗುರುತು ಹನ್ನೊಂದು ಗಂಟೆ ನಲವತ್ಮೂರು ನಿಮಿಷ ತೋರಿಸಿತು. ಪಟ್ಟಣ ಮುಳುಗಿದ ಗಳಿಗೆ ಹೀಗೆ ತಿಳಿದುಬಂತು.

ಪ್ರಾಚೀನ ವಸ್ತುಗಳಿಗಿಂತ ಹೆಚ್ಚಾಗಿ ಲಿಂಕ್ ಅವರನ್ನು ಕಾಡಿದ್ದು ಮುಳುಗುಗಾರನ ಸಮಯದ ಅಭಾವ. ಆಳದಲ್ಲಿ ಕೆಲ ನಿಮಿಷ ಕೆಲಸ ಮಾಡಿದವನು, ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಗಳಾಗದಂತೆ, ಮೇಲೇರಲು ಗಂಟೆಗಟ್ಟಲೆ ವ್ಯಯಿಸಬೇಕು. ಸಂಪೂರ್ಣವಾಗಿ ಅನಿಲ ಹೀರಿದ ದೇಹ ಅಲ್ಲಿ ಎಷ್ಟು ಹೊತ್ತಿದ್ದರೂ ಮೇಲೇರುವ ಅವಧಿ ಹೆಚ್ಚುವುದಿಲ್ಲವಾದ್ದರಿಂದ, ಆಳದಲ್ಲೇ ವಾಸಿಸುವುದು ಲೇಸು ಎಂಬುದು ಅವರ ಯೋಚನೆ. 1962ರ ಆಗಸ್ಟ್‌ನಲ್ಲಿ ಫ್ರಾನ್ಸಿನ ವಿಲ್‌ಫ್ರಾಂಶ್ ಬಳಿ, 58ರ ವಯಸ್ಸಿನಲ್ಲಿ, ತಾವೇ ರೂಪಿಸಿದ ಅಲ್ಯೂಮಿನಿಯಂ ಕೊಳವೆಯಲ್ಲಿ 60 ಅಡಿ ಆಳದಲ್ಲಿ ಎಂಟು ಗಂಟೆ ಇದ್ದರು. ಮರುತಿಂಗಳು ಬೆಲ್ಜಿಯಂನ ರಾಬರ್ಟ್ ಸ್ಟೆನುಯಿ ಅದೇ ಕೊಳವೆಯನ್ನು ನೆಲೆಯಾಗಿಸಿಕೊಂಡು 200 ಅಡಿ ಆಳದಲ್ಲಿ 24 ಗಂಟೆಗೂ ಹೆಚ್ಚು ಕಾಲ ಕಳೆದರು. 1964ರಲ್ಲಿ ಬಹಾಮಾಸ್ ಬಳಿ ಸ್ಟೆನುಯಿ ಮತ್ತು ಜಾನ್ ಲಿಂಡ್‌ಬರ್ಗ್ (ವಿಮಾನವೀರ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಮಗ) ಲಿಂಕ್ ರೂಪಿಸಿದ ರಬ್ಬರಿನ ಗುಡಾರದಲ್ಲಿ 432 ಅಡಿ ಆಳದಲ್ಲಿ 49 ಗಂಟೆ ವಾಸಿಸಿದರು. ಗಾಳಿ ತುಂಬಿದ ಆ ಗುಡಾರದ ರಚನೆಯಲ್ಲಿ ಹಳೆಯ ತಿದಿಗಾರನ ಕೈಯನ್ನು ಗುರುತಿಸಬಹುದು.

1973ರ ಅವಘಡ

ಉದ್ಯಮಿ ಸೀವರ್ಡ್ ಜಾನ್ಸನ್ ಅವರ ಸಹಯೋಗದಲ್ಲಿ ಲಿಂಕ್ ಫ್ಲೋರಿಡಾದ ಫೋರ್ಟ್ ಪಿಯರ್ಸ್ ಬಳಿಯ ಹಾರ್ಬರ್ ಬ್ರಾಂಚ್ ಸಂಸ್ಥೆಗಾಗಿ 'ಜಾನ್ಸನ್ ಸೀ ಲಿಂಕ್' ಎಂಬ ಪುಟ್ಟ ಜಲಾಂತರ್ಗಾಮಿಯನ್ನು ವಿನ್ಯಾಸಗೊಳಿಸಿದರು. 1971ರಲ್ಲಿ ನೀರಿಗಿಳಿದ ಇದರ ಮುಂಭಾಗ ದಪ್ಪನೆಯ ಪಾರದರ್ಶಕ ಅಕ್ರಿಲಿಕ್ ಗೋಳ. ಹಿಂಭಾಗದಲ್ಲಿ ಮುಳುಗುಗಾರರು ಹೊರಹೋಗಿ ಬರಲು ಅಲ್ಯೂಮಿನಿಯಂ ಕೋಣೆ.

1973ರ ಜೂನ್ 17ರಂದು ಕೀ ವೆಸ್ಟ್ ಸಮೀಪ, ಕೃತಕ ದಿಬ್ಬವಾಗಲೆಂದು ಮುಳುಗಿಸಲಾಗಿದ್ದ ಹಳೆಯ ಯುದ್ಧನೌಕೆಯೊಂದರ ಬಳಿ ಕೆಲಸದಲ್ಲಿದ್ದಾಗ ಈ ಜಲಾಂತರ್ಗಾಮಿ ಸುಮಾರು 360 ಅಡಿ ಆಳದಲ್ಲಿ ನೌಕೆಯ ತಂತಿಹಗ್ಗಗಳಲ್ಲಿ ಸಿಕ್ಕಿಕೊಂಡಿತು. ಒಳಗೆ ನಾಲ್ವರಿದ್ದರು. ಹಿಂದಿನ ಕೋಣೆಯಲ್ಲಿದ್ದವರು ಲಿಂಕ್ ಅವರ ಮಗ, 31 ವರ್ಷದ ಕ್ಲೇಟನ್ ಲಿಂಕ್, ಮತ್ತು ಆಲ್ಬರ್ಟ್ ಸ್ಟೋವರ್. ನೌಕಾಪಡೆಯ ಮುಳುಗುಗಾರರ ಯತ್ನಗಳು ಫಲಿಸಲಿಲ್ಲ. ಒಂದು ದಿನಕ್ಕೂ ಮೀರಿದ ಹೋರಾಟದ ನಂತರ ಇನ್ನೊಂದು ಹಡಗು ಕ್ಯಾಮೆರಾ ಮತ್ತು ಕೊಕ್ಕೆಯ ನೆರವಿನಿಂದ ಜಲಾಂತರ್ಗಾಮಿಯನ್ನು ಮೇಲೆಳೆಯಿತು. ಗೋಳದಲ್ಲಿದ್ದ ಇಬ್ಬರು ಬದುಕಿದ್ದರು. ಹಿಂದಿನ ಕೋಣೆಯ ಇಬ್ಬರೂ ಸತ್ತಿದ್ದರು.

ಸಾವಿಗೆ ಕಾರಣ ವಿನ್ಯಾಸದಲ್ಲೇ ಇತ್ತು. ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರುವ ರಾಸಾಯನಿಕ ತಣ್ಣಗಾದಂತೆ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಅಕ್ರಿಲಿಕ್ ಗೋಳ ಒಳಗಿನ ಶಾಖವನ್ನು ಹಿಡಿದಿಟ್ಟುಕೊಂಡಿತು. ಅಲ್ಯೂಮಿನಿಯಂ ಅದನ್ನು ಸಮುದ್ರಕ್ಕೆ ಬಿಟ್ಟುಕೊಟ್ಟಿತು. ನೆಲದ ಮೇಲೆ ತಪ್ಪು ಮಾಡಿ ಕಲಿಯುವ ಅವಕಾಶವನ್ನು ಲಕ್ಷಾಂತರ ಚಾಲಕರಿಗೆ ಒದಗಿಸಿದ ವ್ಯಕ್ತಿಯ ಮಗ, ತಂದೆಯೇ ರೂಪಿಸಿದ ನೌಕೆಯಲ್ಲಿ ಅಂಥ ಅವಕಾಶವಿಲ್ಲದ ಜಾಗದಲ್ಲಿ ಪ್ರಾಣಬಿಟ್ಟರು. ಲಿಂಕ್ ಕೆಲಸ ನಿಲ್ಲಿಸಲಿಲ್ಲ. ಸಿಕ್ಕಿಬಿದ್ದ ಜಲಾಂತರ್ಗಾಮಿಯ ಬಳಿ ಮನುಷ್ಯರಿಲ್ಲದೆ ಇಳಿದು, ನೋಡಿ, ತಂತಿ ಕತ್ತರಿಸಬಲ್ಲ 'ಕಾರ್ಡ್' ಎಂಬ ರಕ್ಷಣಾ ಸಾಧನವನ್ನು ರೂಪಿಸುವುದರಲ್ಲಿ ತೊಡಗಿದರು. ಜಾನ್ಸನ್ ಸೀ ಲಿಂಕ್ ಮಾದರಿಯ ನೌಕೆಗಳು ದಶಕಗಳ ಕಾಲ ಸಂಶೋಧನೆಗೆ ಬಳಕೆಯಾದವು. 1986ರಲ್ಲಿ ಸ್ಫೋಟಗೊಂಡ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಅವಶೇಷಗಳ ಹುಡುಕಾಟದಲ್ಲೂ ಅವು ಪಾಲ್ಗೊಂಡವು.

ಕೊನೆಯ ವರ್ಷಗಳು ಮತ್ತು ಗೌರವಗಳು

1976ರಲ್ಲಿ ಲಿಂಕ್ ಅವರ ಹೆಸರು ಅಮೆರಿಕದ ರಾಷ್ಟ್ರೀಯ ವಿಮಾನಯಾನ ಕೀರ್ತಿಮಂದಿರಕ್ಕೆ ಸೇರಿತು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅವರು 1981ರ ಸೆಪ್ಟೆಂಬರ್ 7ರಂದು ಬಿಂಗ್‌ಹ್ಯಾಮ್ಟನ್‌ನಲ್ಲಿ ನಿಧನರಾದರು. ಅಲ್ಲಿನ ವಿಮಾನನಿಲ್ದಾಣದ ಮೈದಾನಕ್ಕೆ ಅವರ ಹೆಸರಿಡಲಾಗಿದ್ದು, ನೀಲಿ ಪೆಟ್ಟಿಗೆಯೊಂದು ಅಲ್ಲಿ ಪ್ರದರ್ಶನಕ್ಕಿದೆ. ಅಮೆರಿಕದ ಯಂತ್ರಶಿಲ್ಪಿಗಳ ಸಂಘ 2000ರಲ್ಲಿ ಲಿಂಕ್ ಟ್ರೇನರ್ ಅನ್ನು ಚಾರಿತ್ರಿಕ ಯಂತ್ರವೆಂದು ಗುರುತಿಸಿತು. 2003ರಲ್ಲಿ ಅವರನ್ನು ಸಂಶೋಧಕರ ಕೀರ್ತಿಮಂದಿರಕ್ಕೂ ಸೇರಿಸಲಾಯಿತು. ಅವರ ಕಾಗದಪತ್ರಗಳು ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಸಂರಕ್ಷಿತವಾಗಿವೆ.

ಹವ್ಯಾಸಿಗಳ ಸಿಮ್ಯುಲೇಟರ್

ಲಿಂಕ್ ತೀರಿಕೊಳ್ಳುವ ಹೊತ್ತಿಗೆ ಅವರ ಯಂತ್ರದ ಮನರಂಜನೆಯ ಮುಖ ಮತ್ತೆ ಜೀವ ತಳೆದಿತ್ತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಕಂಪ್ಯೂಟರ್ ಹಾರಾಟದ ಚಿತ್ರಣದ ಬಗ್ಗೆ ಪ್ರಬಂಧ ಬರೆದಿದ್ದ ಬ್ರೂಸ್ ಆರ್ಟ್‌ವಿಕ್, ಆ ದಶಕದ ಅಂತ್ಯದಲ್ಲಿ ಆಪಲ್-2 ಕಂಪ್ಯೂಟರಿಗೆ ಹಾರಾಟದ ತಂತ್ರಾಂಶ ರೂಪಿಸಿದರು. ಅದರ ಮುಂದುವರಿಕೆ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಿ ಹೊರಬಂತು. 1995ರಲ್ಲಿ ಆಸ್ಟಿನ್ ಮೇಯರ್ ಅವರ ಎಕ್ಸ್-ಪ್ಲೇನ್, 1997ರಲ್ಲಿ ಯಾರು ಬೇಕಾದರೂ ತಿದ್ದಬಹುದಾದ ಉಚಿತ ತಂತ್ರಾಂಶ ಫ್ಲೈಟ್‌ಗಿಯರ್ ಬಂದವು.

2006ರ ಮೈಕ್ರೋಸಾಫ್ಟ್ ಆವೃತ್ತಿಯ ನಂತರ ಈ ಹವ್ಯಾಸದ ಲೋಕ ಕವಲೊಡೆಯಿತು. ಅದನ್ನು ತಯಾರಿಸುತ್ತಿದ್ದ ತಂಡವನ್ನು 2009ರ ಜನವರಿಯಲ್ಲಿ ಮುಚ್ಚಲಾಯಿತು. ಅದರ ತಂತ್ರಾಂಶದ ಹಕ್ಕು ಪಡೆದ ಲಾಕ್‌ಹೀಡ್ ಮಾರ್ಟಿನ್ 2010ರಲ್ಲಿ ಪ್ರಿಪೇರ್‌ತ್ರೀಡಿ ಹೊರತಂದಿತು. ತರಬೇತಿಗೆ ಮಾತ್ರ ಮೀಸಲಾದ ಇದರ ಪರವಾನಗಿ ವೈಯಕ್ತಿಕ ಮನರಂಜನೆಯನ್ನು ಹೊರಗಿಡುತ್ತದೆ. ಲಿಂಕ್ ಒಂದೇ ಪೇಟೆಂಟಿನಲ್ಲಿ ಜೋಡಿಸಿದ್ದ ಎರಡು ಉದ್ದೇಶಗಳನ್ನು ವಕೀಲರ ಭಾಷೆ ಇಲ್ಲಿ ಬೇರ್ಪಡಿಸಿತು. 2020ರಲ್ಲಿ ಮೈಕ್ರೋಸಾಫ್ಟ್, ಫ್ರಾನ್ಸಿನ ಅಸೋಬೊ ಸಂಸ್ಥೆಯ ಮೂಲಕ, ಇಡೀ ಭೂಮಿಯ ಉಪಗ್ರಹ ಚಿತ್ರಗಳನ್ನು ಅಂತರಜಾಲದಿಂದ ತರಿಸಿಕೊಳ್ಳುವ ಹೊಸ ಆವೃತ್ತಿಯೊಂದಿಗೆ ಮರಳಿತು. ಅದರ ಡಿಸ್ಕ್ ಆವೃತ್ತಿ ಹತ್ತು ಡಿವಿಡಿಗಳಲ್ಲಿ ಬಂತು.

ಹೀಗಾಗಿ ಹದಿನೈದು ಇಪ್ಪತ್ತು ವರ್ಷ ಈ ಹವ್ಯಾಸದಿಂದ ದೂರವಿದ್ದು ಮರಳುವವರು ಒಂದೇ ಹೆಸರಿನ ಜಾಗದಲ್ಲಿ ಹಲವನ್ನು ಕಾಣುತ್ತಾರೆ. ಸ್ವಂತ ಊರಿನ ಮೇಲೆ ಹಾರಿ ಮನೆ ಗುರುತಿಸುವ ಆಸೆಯುಳ್ಳವರಿಗೂ ವೇಗದ ಅಂತರಜಾಲ ಸಂಪರ್ಕವುಳ್ಳವರಿಗೂ ಮೈಕ್ರೋಸಾಫ್ಟ್ ಆವೃತ್ತಿ ಹೊಂದುತ್ತದೆ. ರೆಕ್ಕೆಯ ಒಂದೊಂದು ತುಣುಕಿನ ಮೇಲಿನ ಬಲವನ್ನೂ ಲೆಕ್ಕಹಾಕುವ ಎಕ್ಸ್-ಪ್ಲೇನ್, ವಿಮಾನದ ವರ್ತನೆಯಲ್ಲಿ ಆಸಕ್ತಿಯುಳ್ಳವರಿಗೆ ಪ್ರಿಯ. ಹಳೆಯ ಕಂಪ್ಯೂಟರ್ ಮತ್ತು ಬರಿದಾದ ಜೇಬಿಗೆ ಫ್ಲೈಟ್‌ಗಿಯರ್ ಇದೆ. ಹಳೆಯ ಆವೃತ್ತಿಗೆಂದು ಹಣ ಕೊಟ್ಟು ಕೊಂಡ ವಿಮಾನಗಳು ಮತ್ತು ದೃಶ್ಯಾವಳಿಗಳು ಸಾಮಾನ್ಯವಾಗಿ ಹೊಸದರಲ್ಲಿ ನಡೆಯುವುದಿಲ್ಲ. ಜಾಯ್‌ಸ್ಟಿಕ್ ಮತ್ತು ಪೆಡಲ್‌ಗಳು ಮಾತ್ರ ಬಹುಪಾಲು ಉಪಯೋಗಕ್ಕೆ ಬರುತ್ತವೆ.

ಮನೆಯ ಕಂಪ್ಯೂಟರಿನ ಮುಂದೆ ಕಳೆದ ಗಂಟೆಗಳು ಪರವಾನಗಿಯ ಲೆಕ್ಕಕ್ಕೆ ಸೇರುವುದಿಲ್ಲ. ಅಮೆರಿಕದ ವಿಮಾನಯಾನ ಪ್ರಾಧಿಕಾರ ಅನುಮೋದಿಸಿದ ತರಬೇತಿ ಸಾಧನಗಳಲ್ಲಿ, ನಿಗದಿತ ಮಿತಿಯೊಳಗೆ ಮಾತ್ರ ಅದಕ್ಕೆ ಅವಕಾಶವಿದೆ. ಆದರೂ ಉಪಕರಣ ಹಾರಾಟದ ಕ್ರಮಗಳನ್ನು ಅಭ್ಯಾಸ ಮಾಡಲು ಮನೆಯ ಸಿಮ್ಯುಲೇಟರ್ ಉಪಯುಕ್ತವೆಂದು ಅನೇಕ ಶಿಕ್ಷಕರು ಒಪ್ಪುತ್ತಾರೆ. ಹೊಸ ವಿದ್ಯಾರ್ಥಿಗಳು ಕಿಟಕಿಯಾಚೆ ನೋಡುವುದನ್ನು ಬಿಟ್ಟು ಉಪಕರಣಗಳನ್ನೇ ದಿಟ್ಟಿಸುವ ಚಾಳಿಯನ್ನು ಇದರಿಂದ ಹಚ್ಚಿಕೊಳ್ಳುತ್ತಾರೆ ಎಂಬುದು ಅದೇ ಶಿಕ್ಷಕರ ದೂರು.